105ರಿಂದ 100ಕ್ಕೆ: ಡಿಸ್‌ಪ್ಲೇ ಹೋದ ಪಿಸಿಯ ರಿಪೇರಿ ಡೈರಿ

ಶನಿವಾರ ಸಂಜೆ

ಕಾಕಾನ ಮಗನ ಪಿಸಿ ಈಗ ನನ್ನ ಟೇಬಲ್ ಮೇಲಿದೆ. ಐ5-2500ಕೆ ಪ್ರೊಸೆಸರ್, ಝಡ್68 ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. 2011ರ ಪ್ರೊಸೆಸರ್ ಆದರೂ ಚೆನ್ನಾಗಿ ದುಡಿಯುತ್ತೆ. ಇದರಲ್ಲೇ ಅವನು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಹಾಕಿಕೊಂಡು ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿಯ ಮಾಡೆಲ್ ಮಾಡುತ್ತಿದ್ದಾನೆ. 1367ರ ಕಟ್ಟಡ. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳ ಇಲ್ಲ, ಪೂರ್ತಿ ಮುಚ್ಚಿದ್ದು. ಅಷ್ಟೊಂದು ಗುಮ್ಮಟ, ಕಮಾನು ಇದ್ದರೆ ರೆಂಡರ್, ಅಂದರೆ ಮಾಡೆಲ್‌ನಿಂದ ಚಿತ್ರ ತೆಗೆಯೋದು, ತಡ ಆಗುತ್ತೆ, ಅಲ್ವಾ? ಬೇಗ ಆಗಲಿ ಅಂತ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಮೆನು) ಇದ್ದ ಆಟೋ ಓವರ್‌ಕ್ಲಾಕ್, ಅಂದರೆ ಪ್ರೊಸೆಸರನ್ನು ಮಾಮೂಲಿಗಿಂತ ಜೋರಾಗಿ ಓಡಿಸೋ ಸೆಟ್ಟಿಂಗ್, ಆನ್ ಮಾಡಿದ್ದಾನೆ. ಕಾಟ ಶುರುವಾಗಿದ್ದು ಆಮೇಲೆ.

ಮೊದಲು ಗುಮ್ಮಟಗಳ ಮೇಲೆ ಹಸಿರು ಚುಕ್ಕೆ ಮಿನುಗಿದವಂತೆ. ಆಮೇಲೆ ಸ್ಕ್ರೀನ್ ಕಪ್ಪಾಗಿ ಮತ್ತೆ ಬರತೊಡಗಿತು. ಈಗ ಫ್ಯಾನ್ ತಿರುಗುತ್ತೆ, ಮಾನಿಟರ್‌ನಲ್ಲಿ ಮಾತ್ರ ‘ನೋ ಸಿಗ್ನಲ್’. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ತೋರಿಸಿದ್ದಕ್ಕೆ ಹೊಸ ಕಾರ್ಡ್ ಹಾಕಿಸಿ ಅಂದರಂತೆ.

“ಕಾರ್ಡ್ ಸತ್ತದ ಅನ್ಸ್ತದ ಅಣ್ಣಾ” ಅಂದ.

“ತಡಿ, ನೋಡ್ತೀನಿ” ಅಂದೆ.

ಕಾರ್ಡ್ ಬಿಚ್ಚಿಟ್ಟು ಮಾನಿಟರ್ ಕೇಬಲ್ ಬೋರ್ಡಿಗೇ ಹಾಕಿದೆ. ಈ ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದೆ. ವಿಂಡೋಸ್ ಬಂತು. ಇಲ್ಲಿ ತಕ್ಷಣ ಸಿಮಾಸ್ ಕ್ಲಿಯರ್ ಮಾಡಬಾರದು, ಅಂದರೆ ಬಯಾಸ್ ಸೆಟ್ಟಿಂಗ್ ಅಳಿಸಿ ಮೊದಲಿನ ಹಾಗೆ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ. ಆಟೋ ಸೆಟ್ಟಿಂಗ್ ಏನೇನು ಬದಲಿಸಿದೆ ಅಂತ ಮೊದಲು ಬರೆದಿಟ್ಟುಕೊಳ್ಳಬೇಕು.

ಪ್ರೊಸೆಸರಿನ ಸ್ಪೀಡ್ ತೋರಿಸುವ ಸಿಪಿಯು-ಝಡ್ ತೆರೆದೆ. ಯಾವ ಕೆಲಸವೂ ಇಲ್ಲದಾಗ ಈ ಪ್ರೊಸೆಸರ್ 1600 ಮೆಗಾಹರ್ಟ್ಸ್‌ಗೆ ಇಳಿಯಬೇಕು. ಇದು 1680ರಲ್ಲಿ ನಿಂತಿತ್ತು. ಕೆಳಗಿನ ಸಾಲು ನೋಡಿದರೆ ಮಲ್ಟಿಪ್ಲೈಯರ್ 16, ಬಸ್ ಸ್ಪೀಡ್ 105. ಇವೆರಡನ್ನು ಗುಣಿಸಿದರೆ ಪ್ರೊಸೆಸರಿನ ಸ್ಪೀಡ್; ಬಸ್ ಸ್ಪೀಡ್ 100 ಇರಬೇಕಿತ್ತು. ನನಗೆ ಅನುಮಾನ ಬಂದಿದ್ದು ಇಲ್ಲೇ.

ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ 4101 ನಂಬರಿನ ಎಂಟ್ರಿಗಳು ಸಾಲಾಗಿ ಕೂತಿವೆ. ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನು ರೀಸೆಟ್ ಮಾಡುತ್ತೆ. ಸ್ಕ್ರೀನ್ ಕಪ್ಪಾಗುತ್ತಿದ್ದದ್ದು ಅದಕ್ಕೇ.

ಭಾನುವಾರ

ಮಲಗುವ ಮುಂಚೆ ಅವನ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ. ಕಾರಣ ಇದೆ. ಸ್ಯಾಂಡಿ ಬ್ರಿಡ್ಜ್ (ಈ ಪ್ರೊಸೆಸರಿನ ಪೀಳಿಗೆ) ಕಾಲದ ಈ ಬೋರ್ಡುಗಳಲ್ಲಿ ಪ್ರೊಸೆಸರ್, ರ‍್ಯಾಮ್, ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್, ಹಾರ್ಡ್‌ಡಿಸ್ಕ್ ಸಿಕ್ಕಿಸುವ ಸಾಟಾ, ಎಲ್ಲಕ್ಕೂ ಒಂದೇ ಬೇಸ್ ಕ್ಲಾಕ್ (ಸಿಪಿಯು-ಝಡ್ ಬಸ್ ಸ್ಪೀಡ್ ಅಂತ ತೋರಿಸಿದ್ದು ಇದನ್ನೇ). ಒಂದೇ ಮೋಟರಿನ ಬೆಲ್ಟಿಗೆ ಹತ್ತು ಯಂತ್ರ ಕಟ್ಟಿದ ಹಾಗೆ. ಪ್ರೊಸೆಸರ್ ಜೋರಾಗಲಿ ಅಂತ ಅದನ್ನು 105 ಮಾಡಿದರೆ ಕಾರ್ಡಿನ ದಾರಿಯೂ, ಡಿಸ್ಕಿನ ದಾರಿಯೂ 105ರಲ್ಲೇ ಓಡುತ್ತೆ, ಫೈಲು ಕೆಡಬಹುದು ಅನ್ನೋ ಭಯ ಅದಕ್ಕೇ. ಪಿಸಿಐ ಎಕ್ಸ್‌ಪ್ರೆಸ್ ನಿಯಮದಲ್ಲಿ 100 ಮೆಗಾಹರ್ಟ್ಸ್‌ಗೆ ಆಚೀಚೆ ಬಿಟ್ಟಿರೋದು 0.03 ಮಾತ್ರ. ಇಲ್ಲಿ ಪೂರ್ತಿ 5 ಜಾಸ್ತಿ! ಒಂದೇ ಕ್ಲಾಕ್ ಬೋರ್ಡು, ಕಾರ್ಡು ಎರಡೂ ಕಡೆ ಹೋಗುವುದರಿಂದ ಸ್ವಲ್ಪ ಹೆಚ್ಚಾದರೂ ಕಾರ್ಡ್ ತಡಕೊಳ್ಳುತ್ತೆ. ಆದರೆ ಎಲ್ಲ ಕಾರ್ಡೂ ಅಷ್ಟು ತಡೆಯಲ್ಲ. 2015ರ ಸ್ಕೈಲೇಕ್ ಪೀಳಿಗೆಯಲ್ಲಿ ಪ್ರೊಸೆಸರಿನ ಕ್ಲಾಕು, ಪಿಸಿಐ ಎಕ್ಸ್‌ಪ್ರೆಸ್ ಕ್ಲಾಕು ಎರಡನ್ನೂ ಬೇರೆ ಮಾಡಿದರು, ಹಾಗಾಗಿ ಹೊಸ ಪಿಸಿ ಇದ್ದವರಿಗೆ ಈ ತೊಂದರೆ ಹೀಗೆ ಬರಲ್ಲ.

ಪವರ್ ಕೇಬಲ್ ಕಿತ್ತು, ಬೋರ್ಡಿನ ಮೇಲಿನ ಸಿಆರ್2032 ಸೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಹಾಕಿದೆ. ಸಿಮಾಸ್ ಕ್ಲಿಯರ್ ಆಗಿ ಬೇಸ್ ಕ್ಲಾಕ್ 100ಕ್ಕೆ ಬಂತು. ಸ್ಲಾಟಿನ ಧೂಳು ಬ್ರಷ್‌ನಿಂದ ತೆಗೆದು ಕಾರ್ಡ್ ಕೂರಿಸಿದೆ. ಕ್ಲಿಕ್ ಅಂತು. ಸ್ವಿಚ್ ಹಾಕಿದ ಕೂಡಲೇ ಡಿಸ್‌ಪ್ಲೇ ಬಂತು. ಎಷ್ಟು ಖುಷಿ ಆಯ್ತು ಅಂದರೆ ಕಾಕೂ ಅಡುಗೆಮನೆಯಿಂದ ಏನಾಯ್ತು ಅಂತ ಓಡಿ ಬಂದರು.

ಸುಮ್ನೆ ಇಷ್ಟಕ್ಕೇ ಬಿಡೋಕೆ ಮನಸ್ಸು ಬರಲಿಲ್ಲ. ನಿಜವಾಗಿ ಕ್ಲಾಕ್‌ದೇ ಕಾರಣವಾ, ಇಲ್ಲ ಬಿಸಿಲಾ? ಮೇ ತಿಂಗಳ ಕಲಬುರಗಿಯಲ್ಲಿ ಯಾರಾದರೂ ಬಿಸಿಲನ್ನೇ ಮೊದಲು ಬೈಯ್ಯುತ್ತಾರೆ. ಆದರೆ ಈ ಕಾರ್ಡಿನ ಮಿತಿ 97 ಡಿಗ್ರಿ, ರೆಂಡರ್ ಮಾಡುವಾಗ ತೋರಿಸಿದ್ದು 74. ಪವರ್ ಸಪ್ಲೈನ 12 ವೋಲ್ಟ್ ಲೈನೂ ಮೀಟರಿನಲ್ಲಿ ಸರಿ ಇತ್ತು.

ಹಾಗಾಗಿ ಕ್ಲಾಕನ್ನು ಕೈಯಾರೆ ಒಂದೊಂದೇ ಏರಿಸಿದೆ. 103ರವರೆಗೆ ಏನೂ ಇಲ್ಲ. 104ಕ್ಕೆ ಗುಮ್ಮಟದ ಅಂಚಿನಲ್ಲಿ ಅದೇ ಹಸಿರು ಚುಕ್ಕೆ. 104 ಹಾಗೇ ಇಟ್ಟು ಮಲ್ಟಿಪ್ಲೈಯರ್ 30ಕ್ಕೆ ಇಳಿಸಿದೆ, ಅಂದರೆ ಪ್ರೊಸೆಸರ್ 3.12 ಗಿಗಾಹರ್ಟ್ಸ್, ಅದರ ಮಾಮೂಲಿ 3.3ಕ್ಕಿಂತ ಕಡಿಮೆ. ರ‍್ಯಾಮ್ ಕೂಡ 1066ರ ಸೆಟ್ಟಿಂಗ್‌ಗೆ ತಂದೆ. ಆದರೂ ಚುಕ್ಕೆ ಹೋಗಲಿಲ್ಲ. ಅಲ್ಲಿಗೆ ಪ್ರೊಸೆಸರ್, ರ‍್ಯಾಮ್ ಎರಡರ ಮೇಲಿನ ಅನುಮಾನವೂ ಹೋಯಿತು.

ಆಟೋ ಸೆಟ್ಟಿಂಗ್ ಮಾಡಿದ್ದು 105 × 40, ಅಂದರೆ 4.2 ಗಿಗಾಹರ್ಟ್ಸ್. ನಾನು 100 × 42 ಹಾಕಿದೆ. ಸ್ಪೀಡ್ ಅದೇ, ಚುಕ್ಕೆ ಒಂದೂ ಇಲ್ಲ. ಈ ಕೆ ಮಾಡೆಲ್‌ಗೆ ಮಲ್ಟಿಪ್ಲೈಯರ್ ಬೀಗ ಇಲ್ಲ, ಹಾಗಿದ್ದಾಗ ಬೇಸ್ ಕ್ಲಾಕ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಸೋಮವಾರ ರಾತ್ರಿ

ಬೇಸಿಗೆ ಮುಗಿಯುವವರೆಗೆ 100 × 40 ಸಾಕು ಅಂತ ಇಟ್ಟಿದ್ದೇನೆ. ಪೂರ್ತಿ ಮಸೀದಿಯ ರೆಂಡರ್ ಒಂದು ಸಲ ಮುಗಿಯಿತು, 4101 ಮತ್ತೆ ಬಂದಿಲ್ಲ. 105ರಲ್ಲಿ ಓಡುವಾಗ ಸೇವ್ ಆದ ಫೈಲುಗಳನ್ನು ಅವನೇ ಒಂದೊಂದಾಗಿ ತೆರೆದು ನೋಡಬೇಕು, ಅದು ಬಾಕಿ.

“ಕಾರ್ಡಿಗೆ ಅಂತ ಇಟ್ಟ ರೊಕ್ಕದಾಗ ಏನ್ ತಗೋಲಿ ಅಣ್ಣಾ?” ಅಂತ ಕೇಳಿದ. ಇನ್ನೊಂದು 8 ಜಿಬಿ ರ‍್ಯಾಮ್ ತಗೋ, 1.5 ವೋಲ್ಟಿನ ಡಿಡಿಆರ್3 ಅಂತ ನೋಡಿ ತಗೋ ಅಂದಿದ್ದೇನೆ.