ಅದೇ ಮುಖ, ಬೇರೆ ಆಂಗಲ್: ಮೂರನೇ ರೌಂಡ್ ಅಪ್‌ಡೇಟ್

ಹೋದ ಸಲ ಹೇಳಿದ್ನಲ್ಲ, ಪರಿಚಯದ ಹನ್ನೆರಡು ಜನರನ್ನ ತಿರುಗೋ ಸ್ಟೂಲ್ ಮೇಲೆ ಕೂರ್ಸಿ ನೇರ, 45 ಡಿಗ್ರಿ, 90 ಡಿಗ್ರಿ ಅಂತ ಮೂರ್ಮೂರು ಫೋಟೋ ತೆಗ್ದು, ಅವ್ರನ್ನ ಯಾವತ್ತೂ ನೋಡಿಲ್ದೋರ ಕೈಲಿ ಒಬ್ರದ್ದೇ ಫೋಟೋಗಳನ್ನ ಜೋಡ್ಸೋ ಆಟ ಆಡ್ಸೋದು ಅಂತ, ಅದು ಮೊದಲ್ನೇ ರೌಂಡಲ್ಲೇ ಮಗುಚ್ಕೊಳ್ತು. ಎಲ್ರೂ ಸಲೀಸಾಗಿ ಜೋಡ್ಸಿಬಿಟ್ರು. ಹೆಂಗ್ರೀ ಅಂದ್ರೆ "ಮುಖ ಯಾರು ನೋಡಿದ್ರು, ಕೂದ್ಲು ಮತ್ತೆ ಕಾಲರ್ ನೋಡ್ದೆ" ಅಂತಾರೆ!

ಎರಡನೇ ರೌಂಡ್‌ಗೆ ಎಲ್ರಿಗೂ ಅದೇ ಕಪ್ಪು ಟೋಪಿ, ಕತ್ತಿಗೆ ಕಪ್ಪು ಬಟ್ಟೆ. ಈಗ ಒದ್ದಾಟ ಶುರುವಾಯ್ತು. ನೇರ ಫೋಟೋ ಕೊಟ್ಟು ಪಕ್ಕದ್ದು ಹುಡ್ಕಿ ಅಂದ್ರೆ ತಲೆ ಕೆರ್ಕೊಳ್ತಾರೆ, 45 ಡಿಗ್ರೀದು ಕೊಟ್ರೆ ಸ್ವಲ್ಪ ಬೇಗ ಸಿಗುತ್ತೆ. ನೇರಕ್ಕೆ ನೋಡಿದ್ರೆ ಮೂಗು ಎಷ್ಟು ಮುಂದಕ್ಕಿದೆ ಗೊತ್ತಾಗಲ್ಲ, ಪಕ್ಕದಿಂದ ನೋಡಿದ್ರೆ ಎರಡು ಕಣ್ಣಿನ ಮಧ್ಯ ಎಷ್ಟು ಜಾಗ ಇದೆ ಅನ್ನೋದೇ ಕಾಣಲ್ಲ, ಓರೆ ಮುಖದಲ್ಲಿ ಎರಡೂ ಅಷ್ಟಿಷ್ಟು ಸಿಗುತ್ತೆ, ಅದಕ್ಕೇ ಇರ್ಬೇಕು ಅನ್ಸುತ್ತೆ. 1987ರಲ್ಲಿ ಮನಶ್ಶಾಸ್ತ್ರಜ್ಞೆ ವಿಕಿ ಬ್ರೂಸ್ ಮತ್ತೆ ಜೊತೆಯವ್ರು ಇದನ್ನೇ ನೋಡಿದ್ರು: ಗೊತ್ತಿಲ್ದೋರ ಮುಖ ಹೋಲ್ಸೋಕೆ ಓರೆ ನೋಟ ಸಹಾಯ ಮಾಡುತ್ತೆ, ಚೆನ್ನಾಗಿ ಗೊತ್ತಿರೋರ ವಿಷ್ಯದಲ್ಲಿ ನೇರ ಮುಖಕ್ಕಿಂತ ಅದ್ರಿಂದ ಹೆಚ್ಚೇನೂ ಲಾಭ ಇಲ್ಲ.

ನಾನು ಎಡವಿದ್ದೂ ಅಲ್ಲೇ. ಫೋಟೋ ಆರ್ಸೋವಾಗ "ಇದು ತೀರಾ ಸುಲಭ" ಅಂತ ಕಿತ್ತಾಕಿದ್ದೆಲ್ಲ ನನಗೆ ಮಾತ್ರ ಸುಲಭ, ನನಗೆ ಅವ್ರು ವರ್ಷಗಟ್ಲೆ ಗೊತ್ತು ಮಾರಾಯ್ರೆ. 2011ರ ಒಂದು ಪ್ರಯೋಗ ಇದೆ, ಇಬ್ರೇ ಇಬ್ರು ಡಚ್ ಸೆಲೆಬ್ರಿಟಿಗಳ 40 ಫೋಟೋ ಕೊಟ್ಟು, ಒಬ್ಬೊಬ್ರದ್ದು ಒಂದೊಂದು ಗುಡ್ಡೆ ಮಾಡಿ ಅಂದ್ರೆ, ಅವ್ರನ್ನ ಅರಿಯದ ಬ್ರಿಟನ್ ಜನ ಏಳೆಂಟು ಗುಡ್ಡೆ ಮಾಡಿದ್ರಂತೆ, ಡಚ್ಚರು ಎರಡೇ. ಅದು ಓದಿದ್ಮೇಲೆ ಕಿತ್ತಾಕಿದ್ದೆಲ್ಲ ವಾಪಸ್ ಸೇರಿಸ್ದೆ.

ಮೂರನೇ ರೌಂಡಲ್ಲಿ ಒಂದು ಕುತಂತ್ರ, ಕೆಲವು ಪಕ್ಕದ ಫೋಟೋನ ಎಡಬಲ ಉಲ್ಟಾ ಮಾಡಿ ಹಾಕ್ದೆ. ಒಬ್ರೂ ಗಮನಿಸ್ಲಿಲ್ಲ. ಕೋತಿಗಳ ಮಿದುಳಲ್ಲಿ ಎಡ ಪಕ್ಕ, ಬಲ ಪಕ್ಕ ಎರಡಕ್ಕೂ ಒಂದೇ ಥರ ಸ್ಪಂದಿಸೋ ಭಾಗ ಇದೆ ಅಂತ ಫ್ರೈವಾಲ್ಡ್, ತ್ಸಾವ್ ಅನ್ನೋ ಇಬ್ರು ಮಿದುಳು ವಿಜ್ಞಾನಿಗಳು 2010ರಲ್ಲಿ ತೋರ್ಸಿದ್ರು, ಅದೇ ನೆನಪಾಯ್ತು. ನನ್ನ ಹನ್ನೆರಡು ಜನರ ಫೋಟೋದಿಂದ ಅದು ಸಾಬೀತಾಗುತ್ತೆ ಅಂತ ಅಲ್ಲ, ಬಿಡಿ.

ಮಜಾ ಆಗಿದ್ದು ಕೊನೇಲಿ. ಫೋಟೋ ತೆಗ್ಸ್ಕೊಂಡಿದ್ದ ಒಬ್ಳು ತಾನೂ ಆಡ್ತೀನಿ ಅಂತ ಕೂತ್ಲು, ಹನ್ನೊಂದು ಜನರನ್ನ ಸರಿಯಾಗಿ ಜೋಡಿಸಿ, ಉಳಿದ ಒಂದು ಪಕ್ಕದ ಫೋಟೋ ಹಿಡ್ಕೊಂಡು "ಇದ್ಯಾರೇ?" ಅಂದ್ಲು. ಅವಳದ್ದೇ.