ರಿಪೋರ್ಟ್ ಬಿಚ್ಚುವ ಮೊದಲು ಕೇಳಬೇಕಾದ್ದು

"ಎಚ್‌ಬಿಎ1ಸಿ 9 ಬಂದಿದೆ, ಪಥ್ಯ ಮಾಡ್ತಿಲ್ವಾ?" ಸಕ್ಕರೆ ಕಾಯಿಲೆಯವರ ಜೊತೆ ವೈದ್ಯರ ಮಾತು ಇಲ್ಲಿಂದ ಶುರುವಾದರೆ ಎದುರಿಗಿರುವವರು ಆಮೇಲೆ ನಿಜ ಹೇಳುವುದಿಲ್ಲ. ಮುಂದಿನ ಸಲ ಟೆಸ್ಟಿಗೆ ಎರಡು ದಿನ ಮೊದಲು ಅನ್ನ ಬಿಟ್ಟು ಬರುತ್ತಾರೆ. ಖಾಲಿ ಹೊಟ್ಟೆಯ ಫಾಸ್ಟಿಂಗ್ ಶುಗರ್ ಇಳಿದಿರುತ್ತದೆ, ಎರಡು-ಮೂರು ತಿಂಗಳ ಸರಾಸರಿ ಶುಗರ್‌ನ ಲೆಕ್ಕ ಹೇಳುವ ಎಚ್‌ಬಿಎ1ಸಿ ಮಾತ್ರ ಇದ್ದಲ್ಲೇ ಇರುತ್ತದೆ.

ಸೂಜಿ, ಊಟದ ಲೆಕ್ಕ, ಕಣ್ಣು-ಕಾಲಿನ ಚಿಂತೆ, ಮದುವೆಮನೆಯಲ್ಲಿ ಹೋಳಿಗೆ ಬಡಿಸುವಾಗ ಪಕ್ಕದವರ ನೋಟ. ವರ್ಷಗಟ್ಟಲೆ ಇದನ್ನು ಹೊತ್ತು ಬರುವ ಬಳಲಿಕೆಗೆ ವೈದ್ಯರು ಡಯಾಬಿಟಿಸ್ ಡಿಸ್ಟ್ರೆಸ್ ಎನ್ನುತ್ತಾರೆ. ಇದನ್ನು ಅಳೆಯಲು ಪೇಯ್ಡ್ (PAID) ಎಂಬ 20 ಪ್ರಶ್ನೆಗಳ ಪಟ್ಟಿ 1995ರಿಂದ ಇದೆ. ಗಡಿಬಿಡಿಯ ಓಪಿಡಿಗೆ ಅದರ 5 ಪ್ರಶ್ನೆಗಳ ರೂಪ ಸಾಕು. ಪ್ರತಿಯೊಂದಕ್ಕೂ 0ಯಿಂದ 4 ಅಂಕ. ಒಟ್ಟು 8 ಅಥವಾ ಹೆಚ್ಚು ಬಂದರೆ ಕೂತು ಮಾತಾಡಲೇಬೇಕು. ಅಮ್ಮನ ಬದಲು ಮಗ ಉತ್ತರ ಕೊಡುತ್ತಿದ್ದರೆ ಮಗನನ್ನು ಎರಡು ನಿಮಿಷ ಹೊರಗೆ ಕೂರಿಸಿ.

ಹೆಚ್ಚಾಗಿ ಕಣ್ತಪ್ಪುವುದು ಲೋ ಶುಗರ್‌ನ ಭಯ. ಒಮ್ಮೆ ನಡುರಾತ್ರಿ ಬೆವತು, ನಡುಗಿ ಎದ್ದವರು ಮತ್ತೆ ಹಾಗಾಗದಿರಲಿ ಎಂದು ಮಲಗುವ ಮುಂಚೆ ಬಿಸ್ಕತ್ತು ತಿನ್ನುತ್ತಾರೆ, ಇಲ್ಲವೇ ಇನ್ಸುಲಿನ್ ಎರಡು ಯೂನಿಟ್ ಕಡಿಮೆ ಹಾಕುತ್ತಾರೆ. ಬೆಳಗಿನ ಶುಗರ್ ಏರುತ್ತದೆ. ಕಾರಣ ಕೇಳದೆ ಡೋಸ್ ಏರಿಸಿದರೆ ಭಯವೂ ಏರುತ್ತದೆ, ಆಗ ಪೂರ್ತಿ ಬಿಟ್ಟೇಬಿಡುತ್ತಾರೆ. ಹೀಗಾಗಿ ಡೋಸ್ ಮುಟ್ಟುವ ಮೊದಲು "ಕಳೆದ ವಾರ ಇಂಜೆಕ್ಷನ್ ಎಷ್ಟು ಸಲ ತಪ್ಪಿಹೋಯ್ತು?" ಎಂದು ಕೇಳಿ. "ತಪ್ಪಿಸಿಲ್ಲ ತಾನೆ?" ಎಂದರೆ ಉತ್ತರ ಯಾವಾಗಲೂ "ಇಲ್ಲ". ಭಯಕ್ಕೆ ಮದ್ದು ಉಪದೇಶವಲ್ಲ, ಕೈಯಲ್ಲೊಂದು ಉಪಾಯ: ಗ್ಲುಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಗ್ಲೂಕೋಸ್, ಅಥವಾ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಯುವುದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಗ್ಲೂಕೋಸ್ ಡಬ್ಬಿ ದಿಂಬಿನ ಪಕ್ಕದಲ್ಲೇ ಇರಲಿ, ಅಡುಗೆಮನೆಯಲ್ಲಲ್ಲ.

ಡಯಾಬಿಟಿಸ್‌ನ ಈ ಬಳಲಿಕೆ ಖಿನ್ನತೆಯೇ? ಎಷ್ಟೋ ಸಲ ಅಲ್ಲ. ಖಿನ್ನತೆಯಲ್ಲಿ ಮೊಮ್ಮಗು ಬಂದರೂ ಮನಸ್ಸು ಅರಳುವುದಿಲ್ಲ. ಈ ಬಳಲಿಕೆ ಕಾಯಿಲೆಯ ಸುತ್ತಲೇ ಸುತ್ತುತ್ತದೆ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9 ತುಂಬಿಸುವಾಗಲೂ ಎಚ್ಚರ ಬೇಕು. ಸುಸ್ತು, ನಿದ್ದೆಗೇಡು ಎಂದು ಟಿಕ್ ಮಾಡಿದವರು ಶುಗರ್ ಏರಿ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎದ್ದವರಾಗಿರಬಹುದು. ಆದರೆ ಒಟ್ಟು ಅಂಕ 10 ಅಥವಾ ಹೆಚ್ಚು ಬಂದರೆ ಮನೋವೈದ್ಯರಿಗೆ ತೋರಿಸಿ. ಬದುಕು ಸಾಕೆನ್ನುವ ಕೊನೆಯ ಪ್ರಶ್ನೆಗೆ ಒಂದೇ ಅಂಕ ಬಂದರೂ ಅವತ್ತೇ ವಿಚಾರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಒಂದು ಭೇಟಿಗೆ ಒಂದೇ ಬದಲಾವಣೆ ಸಾಕು, ಅದನ್ನೂ ಅವರೇ ಆರಿಸಲಿ. ವಾಕಿಂಗ್, ಪಥ್ಯ, ತೂಕ, ಮೂರು ಹೊತ್ತಿನ ಟೆಸ್ಟ್ ಎಲ್ಲ ಒಟ್ಟಿಗೆ ಹೊರಿಸಿದರೆ ಒಂದೂ ಉಳಿಯುವುದಿಲ್ಲ. ಆರಿಸಿಕೊಂಡದ್ದನ್ನು ಚೀಟಿಯಲ್ಲಿ ಮಾತ್ರೆಗಳ ಕೆಳಗೇ ಬರೆಯಿರಿ. ಮೂರು ತಿಂಗಳ ನಂತರ ಮೊದಲು ಅದನ್ನು ವಿಚಾರಿಸಿ, ಐದು ಪ್ರಶ್ನೆಗಳನ್ನು ಮತ್ತೆ ಕೇಳಿ, ರಿಪೋರ್ಟ್ ಆಮೇಲೆ ಬಿಚ್ಚಿ.