9 ಎಂಎಂ ಇರುವಾಗ .38 ಸೂಪರ್ ಯಾಕೆ?

ಪಿಸ್ತೂಲುಗಳ ವಿಷಯ ಬಂದರೆ ಸಾಕು, ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "9 ಎಂಎಂ ಎಲ್ಲಾ ಕಡೆ ಸಿಗುತ್ತೆ, ಅಗ್ಗ ಕೂಡ. ದೊಡ್ಡ ಗುಂಡೇ ಬೇಕು ಅಂದ್ರೆ .45 ಇದೆ. ನಡುವೆ ಈ .38 ಸೂಪರ್ ಮೇಲೆ ನಿಮಗೆ ಯಾಕೆ ಇಷ್ಟೊಂದು ಮೋಹ?"

ಈ ಮೂರೂ ಪಿಸ್ತೂಲಿಗೆ ತುಂಬುವ ಕಾರ್ಟ್ರಿಜ್‌ಗಳ ಹೆಸರು. ಕಾರ್ಟ್ರಿಜ್ ಅಂದರೆ ಗುಂಡು, ಮದ್ದು, ಅವನ್ನು ಹಿಡಿದಿಡುವ ಹಿತ್ತಾಳೆಯ ಕೇಸ್, ಎಲ್ಲ ಸೇರಿದ್ದು. ಅಗತ್ಯದ ಲೆಕ್ಕ ಹಾಕಿದರೆ ಉತ್ತರ ಚಿಕ್ಕದು. ಅಗತ್ಯ ಏನೂ ಇಲ್ಲ. ಇವತ್ತು .38 ಸೂಪರ್ ಮಾಡುವ ಕೆಲಸವನ್ನೆಲ್ಲ ಹೆಚ್ಚುಕಡಿಮೆ 9 ಎಂಎಂ ಕೂಡ ಮಾಡುತ್ತದೆ. ಆದರೆ ಸುಮಾರು ಅರ್ಧ ಶತಮಾನ ಈ ಕಾರ್ಟ್ರಿಜ್ ಒಂದು ಕೆಟ್ಟ ಹೆಸರು ಹೊತ್ತುಕೊಂಡು ಓಡಾಡಿತು. ತಪ್ಪು ಅದರದ್ದಲ್ಲ, ಅದನ್ನು ಕೂರಿಸಿದ ಬ್ಯಾರೆಲ್‌ನದ್ದು. ನನ್ನ ಮೋಹ ಶುರುವಾದದ್ದು ಅಲ್ಲಿಂದ.

ಕಥೆ 1900ಕ್ಕೆ ಹೋಗುತ್ತದೆ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಒಂದು ಆಟೋಮ್ಯಾಟಿಕ್ ಪಿಸ್ತೂಲನ್ನು ಅಮೆರಿಕದ ಕೋಲ್ಟ್ ಕಂಪನಿ ಆ ವರ್ಷ ಮಾರುಕಟ್ಟೆಗೆ ತಂದಿತು. ಅದರ ಜೊತೆ ಬಂದ ಕಾರ್ಟ್ರಿಜ್ .38 ಎಸಿಪಿ, ಅಂದರೆ ಆಟೋಮ್ಯಾಟಿಕ್ ಕೋಲ್ಟ್ ಪಿಸ್ತೂಲ್. ಆಗಿನ್ನೂ ರಿವಾಲ್ವರ್‌ಗಳ ಕಾಲ. ರಿವಾಲ್ವರ್ ಕಾರ್ಟ್ರಿಜ್‌ನ ಬುಡದಲ್ಲಿ ಅಗಲವಾದ ಅಂಚು ಇರುತ್ತದೆ. ಆ ಅಂಚೇ ಕಾರ್ಟ್ರಿಜ್ ಒಳಗೆ ಜಾರಿಹೋಗದಂತೆ ತಡೆಯುವುದು. ಆದರೆ ಪಿಸ್ತೂಲಿನ ಹಿಡಿಯೊಳಗೆ ಕೂರುವ ಮ್ಯಾಗಜೀನ್‌ನಲ್ಲಿ ಒಂದರ ಮೇಲೊಂದು ಜೋಡಿಸುವಾಗ ಅಗಲ ಅಂಚು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಇದರಲ್ಲಿ ಅಂಚನ್ನು ಪೂರ್ತಿ ತೆಗೆಯಲಿಲ್ಲ, ಪೂರ್ತಿ ಇಡಲೂ ಇಲ್ಲ. ಕೇಸ್‌ನ ಮೈಯಿಂದ ಸುತ್ತಲೂ ಕಾಲು ಮಿಲಿಮೀಟರಿನ ಆಸುಪಾಸು ಹೊರಗೆ ಚಾಚುವ ಅರೆ ಅಂಚು ಉಳಿಯಿತು. ಮುಂದೆ .45 ಎಸಿಪಿ ಮಾಡುವಾಗ ಬ್ರೌನಿಂಗ್ ಚಾಚುವ ಅಂಚಿನ ಗೊಡವೆಗೆ ಹೋಗಲಿಲ್ಲ. ಆದರೆ .38ಕ್ಕೆ ಅದು ಅಂಟಿಕೊಂಡೇ ಉಳಿಯಿತು. ಇದನ್ನು ನೆನಪಿಡಿ, ಮುಂದಿನ ಗೋಳೆಲ್ಲ ಈ ಅಂಚಿನದ್ದೇ.

ಆ ಹಳೆಯ .38 ಪಿಸ್ತೂಲುಗಳು ತುಂಬಾ ಗಟ್ಟಿಯಾಗಿರಲಿಲ್ಲ. ಹಾಗಾಗಿ ಮದ್ದಿನ ಜೋರನ್ನು ಮೆಲ್ಲಗೆ ಇಳಿಸಬೇಕಾಯಿತು. ಮುಂದೆ 1911 ಅಂತಲೇ ಹೆಸರಾದ ಕೋಲ್ಟ್ ಪಿಸ್ತೂಲು ಬಂತು. .45ಕ್ಕೆಂದು ಮಾಡಿದ ಭದ್ರವಾದ ಚೌಕಟ್ಟು. 1929ರಲ್ಲಿ ಕೋಲ್ಟ್ ಈ ಚೌಕಟ್ಟಿಗೆ ಹಳೆಯ .38 ಕೇಸನ್ನೇ ಹೊಂದಿಸಿ, ಮದ್ದನ್ನು ಜಾಸ್ತಿ ಮಾಡಿತು. ಅದೇ .38 ಸೂಪರ್. 130 ಗ್ರೇನ್ ತೂಕದ, ಅಂದರೆ ಎಂಟೂವರೆ ಗ್ರಾಂನಷ್ಟಿರುವ ಗುಂಡು, ಸೆಕೆಂಡಿಗೆ ಸುಮಾರು 1280 ಅಡಿ ವೇಗ. ಅದೇ ಕಾಲದ .45ರ 230 ಗ್ರೇನ್ ಗುಂಡು ಸುಮಾರು 830 ಅಡಿಯಲ್ಲಿ ಹೋಗುತ್ತಿತ್ತು. ಅದು ತೂಕದ ಮೇಲೆ ಕೆಲಸ ಮಾಡುವ ಗುಂಡು, ಇದು ವೇಗದ ಮೇಲೆ.

ಇಲ್ಲೊಂದು ಅಪಾಯವೂ ಹುಟ್ಟಿಕೊಂಡಿತು. .38 ಎಸಿಪಿ ಮತ್ತು .38 ಸೂಪರ್, ಎರಡರ ಹೊರ ಅಳತೆಯೂ ಒಂದೇ. 1900ರ ಕಾಲದ ನಾಜೂಕು ಪಿಸ್ತೂಲಿಗೆ ಸೂಪರ್ ತುಂಬಿದರೆ ಅದು ಸುಮ್ನೆ ಒಳಗೆ ಕೂರುತ್ತದೆ, ಯಾರೂ ತಡೆಯುವುದಿಲ್ಲ. ಹಾರಿಸಿದರೆ ಪಿಸ್ತೂಲು ಒಡೆಯಬಹುದು, ಕೈಗೂ ಪೆಟ್ಟಾಗಬಹುದು. ಅದಕ್ಕೇ 1974ರಲ್ಲಿ ಸೂಪರ್ ಹೆಸರಿನ ಮುಂದೆ ಪ್ಲಸ್ ಪಿ ಅಂತ ಸೇರಿಸಿದರು, ಜಾಸ್ತಿ ಒತ್ತಡದ್ದು ಅಂತ ಗುರುತಿಸಲು. ನಲವತ್ತೈದು ವರ್ಷ ಬೇಕಾಯಿತು ಇಷ್ಟು ಮಾಡಲು!

1929 ಅಂದರೆ ಅಮೆರಿಕದಲ್ಲಿ ಪಾನನಿಷೇಧದ ಕಾಲ. ದರೋಡೆಕೋರರು ಕಾರಿನಲ್ಲಿ ಓಡುತ್ತಿದ್ದರು, ಕಾರುಗಳ ಮೈ ದಪ್ಪ ಉಕ್ಕು. ಪೊಲೀಸರ ಕೈಯಲ್ಲಿದ್ದ .38 ಸ್ಪೆಷಲ್ ರಿವಾಲ್ವರಿನ ನಿಧಾನದ ಸೀಸದ ಗುಂಡಿಗೆ ಅದನ್ನು ತೂರಿ ಹೋಗುವುದು ಕಷ್ಟ. ಕೆಲವು ಕಳ್ಳರು ಬಟ್ಟೆ ಪದರಗಳ ಗುಂಡುರಕ್ಷಕ ಅಂಗಿ ಬೇರೆ ತೊಡುತ್ತಿದ್ದರು. ಲೋಹದ ಕವಚವಿದ್ದ ಸೂಪರ್ ಗುಂಡಿಗೆ ಇವೆರಡೂ ಅಷ್ಟಾಗಿ ಲೆಕ್ಕಕ್ಕಿರಲಿಲ್ಲ. ತಮಾಷೆ ಅಂದರೆ, ಪೊಲೀಸರಿಗೆ ಎಷ್ಟು ಇಷ್ಟವಾಯಿತೋ ಕಳ್ಳರಿಗೂ ಅಷ್ಟೇ ಇಷ್ಟವಾಯಿತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಹೈಮನ್ ಲೆಬ್ಮನ್ ಎಂಬ ಕುಶಲಕರ್ಮಿ .38 ಸೂಪರ್ ಕೋಲ್ಟ್‌ಗಳನ್ನು ಮೆಷಿನ್ ಪಿಸ್ತೂಲಾಗಿ ಬದಲಾಯಿಸುತ್ತಿದ್ದ. ಬೇಬಿ ಫೇಸ್ ನೆಲ್ಸನ್ ಎಂಬ ಕುಖ್ಯಾತ ದರೋಡೆಕೋರನ ಬಳಿ ಅಂಥದ್ದೊಂದಿತ್ತು. ಇಂಥ ಕಥೆಗಳಿಗೆ ಮರುಳಾಗಿ ಸೂಪರ್ ಹಿಂದೆ ಬೀಳುವವರೂ ಇದ್ದಾರೆ. ನನಗೆ ಆ ರಮ್ಯತೆ ಹಿಡಿಸುವುದಿಲ್ಲ. ಆ ಪಿಸ್ತೂಲುಗಳಿಂದ ಸತ್ತವರು ನಿಜವಾದ ಮನುಷ್ಯರು.

ಪೊಲೀಸರ ಒಲವು ಬಹಳ ಕಾಲ ಉಳಿಯಲಿಲ್ಲ. 1935ರಲ್ಲಿ ಸ್ಮಿತ್ ಅಂಡ್ ವೆಸನ್ .357 ಮ್ಯಾಗ್ನಮ್ ರಿವಾಲ್ವರ್ ತಂದಿತು. ಅದು ಇನ್ನೂ ಜೋರು. ಅಮೆರಿಕದ ಪೊಲೀಸರು ರಿವಾಲ್ವರನ್ನೇ ನಂಬಿ ಬೆಳೆದವರು. ಅತ್ತ ಹೊರಳಿದರು.

ಇನ್ನು ಆ ಕೆಟ್ಟ ಹೆಸರಿನ ವಿಷಯ. "ಸೂಪರ್ ಜೋರಾಗಿ ಹೋಗುತ್ತೆ, ಆದರೆ ಗುರಿಗೆ ಬೀಳಲ್ಲ" ಅನ್ನುವುದು ಹಲವು ದಶಕ ಚಾಲ್ತಿಯಲ್ಲಿದ್ದ ಮಾತು. ಒಂದೇ ಕಡೆ ಗುರಿಯಿಟ್ಟು ಹೊಡೆದರೂ ಗುಂಡುಗಳು ಚೆದುರಿ ಬೀಳುತ್ತಿದ್ದವು. ಗುರಿಕಾರರು ಬೇಸತ್ತು .45ಕ್ಕೋ ಬೇರೆಯದಕ್ಕೋ ಹೋದರು.

ಕಾರಣ ಹೀಗಿದೆ. ಕಾರ್ಟ್ರಿಜ್ ಚೇಂಬರಿನೊಳಗೆ, ಅಂದರೆ ಬ್ಯಾರೆಲ್‌ನ ಹಿಂತುದಿಯಲ್ಲಿ ಅದು ಕೂರುವ ಜಾಗದೊಳಗೆ, ಎಷ್ಟು ದೂರ ಹೋಗಿ ನಿಲ್ಲಬೇಕು ಅನ್ನುವುದನ್ನು ಯಾವುದಾದರೂ ಒಂದು ಭಾಗ ತೀರ್ಮಾನಿಸಬೇಕು. ಇದಕ್ಕೆ ಹೆಡ್‌ಸ್ಪೇಸ್ ಅನ್ನುತ್ತಾರೆ. .45ರಲ್ಲಿ, 9 ಎಂಎಂನಲ್ಲಿ ಕೇಸ್‌ನ ಬಾಯಿ ಚೇಂಬರಿನ ತುದಿಯ ಮೆಟ್ಟಿಲಿಗೆ ತಾಗಿ ನಿಲ್ಲುತ್ತದೆ. ಆ ಜಾಗದ ತುಂಬಾ ಸುತ್ತಲೂ ಆಸರೆ ಇರುತ್ತದೆ. ಕೋಲ್ಟ್ ಮಾತ್ರ .38 ಸೂಪರ್ ಬ್ಯಾರೆಲ್ ಮಾಡುವಾಗ ಹಳೆಯ ರೂಢಿ ಬಿಡಲಿಲ್ಲ. ಬುಡದ ಅರೆ ಅಂಚಿನ ಮೇಲೆ ನಿಲ್ಲಿಸಿತು. ಅಂಚು ಎಷ್ಟು ಸಣ್ಣದು ಅಂತ ಆಗಲೇ ಹೇಳಿದೆನಲ್ಲ. ಅಷ್ಟು ಸಣ್ಣ ಅಂಚಿಗೂ ಬ್ಯಾರೆಲ್‌ನಲ್ಲಿ ಸುತ್ತಲೂ ಆಸರೆ ಇಲ್ಲ, ಮೇಲುಭಾಗದಲ್ಲಿ ಒಂದು ಚೂರು ಮಾತ್ರ. ಪ್ರತಿ ಸಲವೂ ಕಾರ್ಟ್ರಿಜ್ ಸ್ವಲ್ಪ ಬೇರೆ ರೀತಿ ಕೂರುತ್ತಿತ್ತು. ಒಮ್ಮೆ ಒಂದಿಷ್ಟು ಓರೆ, ಇನ್ನೊಮ್ಮೆ ಒಂದಿಷ್ಟು ಹಿಂದೆ. ಕಾಲು ಕುಂಟುವ ಮೇಜಿನ ಮೇಲೆ ಅಕ್ಷರ ಬರೆಸಿ, ಕೈಬರಹ ಸರಿಯಿಲ್ಲ ಅಂತ ಬೈದಂತೆ ಇದು.

1970ರ ದಶಕದಲ್ಲಿ ಬಾರ್-ಸ್ಟೋ ಬ್ಯಾರೆಲ್‌ಗಳ ಇರ್ವ್ ಸ್ಟೋನ್ ಮಾಡಿದ ಕೆಲಸ ಕೇಳಿದರೆ ತೀರಾ ಸರಳ. ಅಂಚನ್ನು ಮರೆತು, .45ರಂತೆ ಕೇಸ್‌ನ ಬಾಯಿಯ ಮೇಲೆ ನಿಲ್ಲುವ ಹಾಗೆ ಚೇಂಬರ್ ಕೊರೆದರು. ಅಷ್ಟೇ. ಅದೇ ಪಿಸ್ತೂಲು, ಅದೇ ಕಾರ್ಟ್ರಿಜ್, ಬ್ಯಾರೆಲ್ ಮಾತ್ರ ಬೇರೆ. ಚೆದುರುತ್ತಿದ್ದ ಗುಂಡುಗಳು ಒತ್ತೊತ್ತಾಗಿ ಬೀಳತೊಡಗಿದವು. ಕೋಲ್ಟ್ ತನ್ನ ಬ್ಯಾರೆಲ್ ತಿದ್ದಿಕೊಳ್ಳಲು 1980ರ ದಶಕದ ಕೊನೆಯವರೆಗೂ ಕಾದಿತು. ಇಷ್ಟು ವರ್ಷ ಅಲ್ಲಿ ಯಾರಿಗೂ ಹೊಳೆಯಲಿಲ್ಲವಾ ಅಂತ ನನಗೆ ಈಗಲೂ ಸೋಜಿಗ. ಹೊಳೆದಿರಲೂಬಹುದು. ಮಾರಾಟವೇ ಕಡಿಮೆ ಇದ್ದಾಗ ಯಂತ್ರ ಬದಲಾಯಿಸಲು ಯಾರು ಮುಂದಾಗುತ್ತಾರೆ, ಅಲ್ವಾ?

ಬ್ಯಾರೆಲ್ ಸರಿಯಾದ ಹೊತ್ತಿಗೇ ಸೂಪರ್‌ಗೆ ಒಂದು ಹೊಸ ಕೆಲಸ ಸಿಕ್ಕಿತು. ಐಪಿಎಸ್‌ಸಿ ಅನ್ನುವ ಪ್ರಾಯೋಗಿಕ ಗುರಿ ಸ್ಪರ್ಧೆಗಳ ಒಕ್ಕೂಟ 1976ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿತು. ಅಲ್ಲಿ ವೇಗ, ಗುರಿ, ಬಲ ಮೂರಕ್ಕೂ ಬೆಲೆ. ಬಲ ಅಳೆಯಲು ಪವರ್ ಫ್ಯಾಕ್ಟರ್ ಎಂಬ ಲೆಕ್ಕ ಇದೆ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಅಂತ ಹಿಡಿದು, ಗುಣಿಸಿ, ಸಾವಿರದಿಂದ ಭಾಗಿಸಬೇಕು. ಆ ದಿನಗಳಲ್ಲಿ ಅದು 175 ದಾಟಿದರೆ ಮೇಜರ್ ದರ್ಜೆ. ಮೇಜರ್‌ನವರಿಗೆ ಗುರಿಯ ನಡುವಿನಿಂದ ಆಚೆ ಬಿದ್ದ ಗುಂಡಿಗೂ ಒಳ್ಳೆ ಅಂಕ. .45ರ ಲೆಕ್ಕ ಹಾಕಿ ನೋಡಿ: 230 ಗುಣಿಸು 830, ಸುಮಾರು 191. ಆರಾಮಾಗಿ ಪಾಸ್. 115 ಗ್ರೇನ್‌ನ ಮಾಮೂಲಿ 9 ಎಂಎಂ 1180 ಅಡಿಯಲ್ಲಿ ಹೋದರೆ ಬರೀ 136. ಹಾಗಾಗಿ ಎಲ್ಲರ ಕೈಯಲ್ಲೂ .45.

1980ರ ದಶಕದ ಮೊದಲರ್ಧದಲ್ಲಿ ರಾಬ್ ಲೇಥಮ್, ಬ್ರಯನ್ ಇನೋಸ್ ಎಂಬ ಇಬ್ಬರು ಸ್ಪರ್ಧಿಗಳು .38 ಸೂಪರ್ ಹಿಡಿದು ಬಂದರು. ಅದರ ಕೇಸ್ 9 ಎಂಎಂಗಿಂತ ಮೂರೂವರೆ ಮಿಲಿಮೀಟರಿಗೂ ಜಾಸ್ತಿ ಉದ್ದ. ಒಳಗೆ ಮದ್ದಿಗೆ ಜಾಗ ಇದೆ, ಹಗುರ ಗುಂಡನ್ನು ಮೇಜರ್ ದಾಟಿಸಬಹುದು. ಆದರೆ ಅವರಿಗೆ ಸಿಕ್ಕ ನಿಜವಾದ ಲಾಭ ಬೇರೆ. ಬ್ಯಾರೆಲ್ ತುದಿಗೆ ಕಾಂಪೆನ್ಸೇಟರ್ ಹಾಕಿದರೆ, ಗುಂಡಿನ ಹಿಂದೆ ಬರುವ ಅನಿಲ ಅದರ ಕಿಂಡಿಗಳಿಂದ ಮೇಲಕ್ಕೆ ನುಗ್ಗಿ ಪಿಸ್ತೂಲಿನ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಅನಿಲದ ಒತ್ತಡ ಜಾಸ್ತಿ ಇದ್ದಷ್ಟೂ ಒಳ್ಳೆಯದು. .45ರ ಗರಿಷ್ಠ ಒತ್ತಡ ಚದರ ಇಂಚಿಗೆ 21,000 ಪೌಂಡ್, ಸೂಪರ್‌ನದ್ದು 36,500. ಅಂದರೆ ಬೇರೆಯವರಿಗೆ ತಲೆನೋವಾಗಿದ್ದ ಸೂಪರ್‌ನ ಒತ್ತಡವೇ ಇಲ್ಲಿ ಪಿಸ್ತೂಲನ್ನು ಅಲುಗದಂತೆ ಹಿಡಿದಿಟ್ಟಿತು. ಮೊದಲ ಗುಂಡು ಹೋದ ಮೇಲೆ ಮೂತಿ ಮೇಲೇಳದಿದ್ದರೆ ಎರಡನೆಯದು ಬೇಗ ಹೋಗುತ್ತದೆ. ಜೊತೆಗೆ ಮ್ಯಾಗಜೀನ್‌ನಲ್ಲಿ .45 ಏಳು ಹಿಡಿದರೆ ಸೂಪರ್ ಒಂಬತ್ತು. ಕೆಲವೇ ವರ್ಷಗಳಲ್ಲಿ ಮೇಲಿನ ಸಾಲಿನ ಸ್ಪರ್ಧಿಗಳೆಲ್ಲ ಸೂಪರ್ ಕಡೆ ಬಂದರು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. 115 ಗ್ರೇನ್ ಗುಂಡು 175 ದಾಟಬೇಕಾದರೆ ವೇಗ 1520 ಅಡಿ ಮೀರಬೇಕು. ಹಳೆಯ ಬ್ಯಾರೆಲ್‌ಗಳಲ್ಲಿ ಕೇಸ್‌ನ ಬುಡದ ಒಂದು ಭಾಗಕ್ಕೆ ಕೆಳಗಿನಿಂದ ಆಸರೆ ಇರುತ್ತಿರಲಿಲ್ಲ. ಒತ್ತಡ ಮಿತಿಮೀರಿದಾಗ ಕೇಸ್ ಅಲ್ಲೇ ಸೀಳಿ ಬಿಸಿ ಅನಿಲ, ಹಿತ್ತಾಳೆ ಚೂರು ಹಿಂದಕ್ಕೆ ಹಾರುತ್ತಿದ್ದವು. ಸ್ಪರ್ಧಿಗಳು ಇದಕ್ಕೆ "ಸೂಪರ್ ಫೇಸ್" ಅಂತ ಹೆಸರಿಟ್ಟಿದ್ದರು. ಮುಖಕ್ಕೆ ಬೀಳುತ್ತಿದ್ದುದರಿಂದ. ಬುಡಕ್ಕೆ ಪೂರ್ತಿ ಆಸರೆ ಕೊಡುವ ಬ್ಯಾರೆಲ್‌ಗಳು ಬಂದ ಮೇಲೆ ಇದು ಕಡಿಮೆಯಾಯಿತು. ಮುಂದೆ ಎರಡು ಸಾಲಿನ ಮ್ಯಾಗಜೀನ್ ಬಂದಾಗ ಅರೆ ಅಂಚು ಮತ್ತೆ ಕಾಟ ಕೊಟ್ಟಿತು. ಅದನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದ ಸೂಪರ್ ಕಾಂಪ್ ಎಂಬ ಕೇಸ್ ಹುಟ್ಟಿತು. ಹಲವು ದಶಕ ತಡವಾಗಿ ಅಂಚು ಹೋಯಿತು ಅನ್ನಿ.

ಆಮೇಲೆ? ಮೇಜರ್ ಗೆರೆ ಕೆಳಗಿಳಿಯಿತು. 9 ಎಂಎಂ ಕೇಸನ್ನೇ ಮೇಜರ್‌ಗೆ ಏರಿಸಲು ನಿಯಮ ಅವಕಾಶ ಕೊಟ್ಟಿತು. ಹಾರಿಸಿದ 9 ಎಂಎಂ ಕೇಸ್ ನೆಲದಲ್ಲಿ ಬಿಟ್ಟು ಬಂದರೂ ಯಾರಿಗೂ ಚಿಂತೆ ಇಲ್ಲ. ಸೂಪರ್ ಕೇಸ್ ಆದರೆ ಮತ್ತೆ ಮದ್ದು ತುಂಬಿ ಬಳಸಲು ಬಗ್ಗಿ ಬಗ್ಗಿ ಹುಡುಕಬೇಕು. ಬಹಳ ಜನ ಅತ್ತ ಹೋದರು. ನಾನು ದೂರುವುದಿಲ್ಲ.

ಮೆಕ್ಸಿಕೋ ವಿಷಯವೂ ಆಗಾಗ ಬರುತ್ತದೆ. "ಅಲ್ಲಿ ಸೇನೆಯ ಕ್ಯಾಲಿಬರ್ ಜನ ಇಟ್ಟುಕೊಳ್ಳುವ ಹಾಗಿಲ್ಲ, ಅದಕ್ಕೇ ಸೂಪರ್ ಜನಪ್ರಿಯ, ಅದು ಕಾನೂನಿಗೆ ಸರಿ" ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಜನಪ್ರಿಯ ಅನ್ನುವುದು ನಿಜ. ಬೆಳ್ಳಿ ಹಿಡಿ, ಕೆತ್ತನೆ ಮಾಡಿದ ಸೂಪರ್‌ಗಳಿಗೆ ಅಲ್ಲೊಂದು ಮೋಜಿನ ಸ್ಥಾನವೇ ಇದೆ. ಆದರೆ 1972ರ ಅಲ್ಲಿನ ಕಾನೂನು, ಸಾಮಾನ್ಯ ಜನರಿಗೆ ಬಿಟ್ಟ .380ವರೆಗಿನ ಪಿಸ್ತೂಲುಗಳ ಪಟ್ಟಿಯಿಂದ .38 ಸೂಪರನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. "ಇತಿಹಾಸ ಇರಲಿ, ಹಾರಿಸಿದಾಗ ಏನು ವ್ಯತ್ಯಾಸ?" ಅನ್ನುತ್ತಾರೆ. ಉಕ್ಕಿನ ಚೌಕಟ್ಟಿನ, ಒಂದೇ ಸಾಲಿನ ಮ್ಯಾಗಜೀನ್ ಇರುವ 1911 ಪಿಸ್ತೂಲಿನಲ್ಲಿ ಕಾರ್ಖಾನೆಯ ಮಾಮೂಲಿ ಸೂಪರ್ ತುಂಬಿ ನೋಡಿ. .45 ಅಂಗೈಯನ್ನು ನಿಧಾನಕ್ಕೆ ಹಿಂದಕ್ಕೆ ತಳ್ಳುತ್ತದೆ. ಸೂಪರ್‌ನದ್ದು ಚುರುಕಿನ ಒಂದು ಏಟು, ಅಷ್ಟರಲ್ಲಿ ಮೂತಿ ತನ್ನ ಜಾಗಕ್ಕೆ ವಾಪಸ್. ಸದ್ದು ಮಾತ್ರ ಜೋರು, ಕಿವಿಗೆ ರಕ್ಷಣೆ ಇಲ್ಲದೆ ಹತ್ತಿರ ನಿಲ್ಲಬೇಡಿ. ಆ ಚೌಕಟ್ಟಿಗೆ ಈ ಕಾರ್ಟ್ರಿಜ್‌ನ ಉದ್ದವೂ ಒಗ್ಗುತ್ತದೆ. 9 ಎಂಎಂ ಅದರಲ್ಲಿ ಗಿಡ್ಡ, ಮ್ಯಾಗಜೀನ್‌ನಲ್ಲಿ ಜಾಗ ಉಳಿಯುತ್ತದೆ, ಕೆಲವು ಪಿಸ್ತೂಲುಗಳು ಅದಕ್ಕೆ ತಕರಾರು ತೆಗೆಯುತ್ತವೆ. ಸೂಪರ್‌ಗೆ ಆ ರಗಳೆ ಕಡಿಮೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ವಾದಕ್ಕೂ ತಯಾರು.

"ಹಾಗಾದ್ರೆ ನಾನೂ ಒಂದು ತಗೊಳ್ಳಲಾ?" ಅನ್ನುವುದು ಕೊನೆಯಲ್ಲಿ ಬರುವ ಪ್ರಶ್ನೆ. ಕಾನೂನು ಒಪ್ಪುವ ಕಡೆ, ಒಂದೇ ಪಿಸ್ತೂಲು ಇಟ್ಟುಕೊಳ್ಳುವವರಿಗೆ ನಾನು 9 ಎಂಎಂ ಅಂತಲೇ ಹೇಳುವುದು. ಸೂಪರ್‌ಗೆ ಖರ್ಚು ಜಾಸ್ತಿ, ಹುಡುಕಾಟ ಜಾಸ್ತಿ. ಎರಡನೆಯದೋ ಮೂರನೆಯದೋ ಆದರೆ ಧಾರಾಳವಾಗಿ ನೋಡಿ. ಹಳೆಯ ಕೋಲ್ಟ್ ಸಿಕ್ಕರೆ ಮೈಮೇಲಿನ ನೀಲಿ ಹೊಳಪಿಗೆ ಮಾರುಹೋಗುವ ಮೊದಲು, ತಿಳಿದವರಿಂದ ಬ್ಯಾರೆಲ್ ಬಿಚ್ಚಿಸಿ ಚೇಂಬರ್ ಪರೀಕ್ಷೆ ಮಾಡಿಸಿ. ಕಾರ್ಟ್ರಿಜ್ ಅಂಚಿನ ಮೇಲೆ ನಿಲ್ಲುತ್ತಿದ್ದರೆ ಅದು ಸಂಗ್ರಹಕ್ಕೆ ಚೆನ್ನ. ಬಾಯಿಯ ಮೇಲೆ ನಿಲ್ಲುತ್ತಿದ್ದರೆ ಗುರಿಗೂ ಚೆನ್ನ.